ಮೂವತ್ತನಾಲ್ಕು ಜನ ಒಂದೇ ದಿನ ಸೇರಿದ ಕಾರ್ಖಾನೆ

ಒಂದು ತಪ್ಪು ತಾರೀಖಿಗೆ ನಾನು ತೆತ್ತ ಬೆಲೆ ಇದು: ಒಬ್ಬ ಕ್ಲೈಂಟಿನ ಇಡೀ ವರ್ಷದ ಫೀಸು, ಜೊತೆಗೆ ಬೇರೆ ನಲವತ್ತೊಂದು ಕಾರ್ಖಾನೆಗಳಿಗೆ ಕಳಿಸಿದ್ದ ಕಾಗದಗಳನ್ನು ವಾಪಸ್ ತರಿಸಿ, ನನ್ನ ಖರ್ಚಿನಲ್ಲೇ ಮತ್ತೆ ಮುದ್ರಿಸಿ ಕೊಟ್ಟದ್ದು. ಆ ಕ್ಲೈಂಟು ತೆತ್ತದ್ದು ನಾಲ್ಕು ದಿನದ ಕೆಲಸ. ಯಾಕೆ ಅಂದರೆ, ಕಾನೂನು ಗೊತ್ತಿದ್ದೂ ನಾನು ಜಾಣತನ ಮಾಡಲು ಹೋಗಿದ್ದೆ.

ಅದು 2025ರ ಡಿಸೆಂಬರ್. ವಿಜಯನಗರದಲ್ಲಿ ನನ್ನದೊಂದು ಚಿಕ್ಕ ಆಫೀಸಿದೆ. ಸಣ್ಣ ಕಾರ್ಖಾನೆಗಳ ಪಿಎಫ್, ಇಎಸ್‌ಐ, ಕಾರ್ಮಿಕ ಇಲಾಖೆಯ ಕಾಗದಪತ್ರ ನೋಡಿಕೊಳ್ಳುವುದು ಕೆಲಸ. ಬಿನ್ನಿಪೇಟೆಯ ಒಂದು ಕೋಣೆಯ ಮನೆಯಲ್ಲಿ ಬೆಳೆದು, ವಕೀಲರೊಬ್ಬರ ಹತ್ತಿರ ಟೈಪಿಂಗ್ ಮಾಡುತ್ತಾ ಕಾಯ್ದೆ ಕಲಿತವಳು ನಾನು. ಡಿಗ್ರಿ ಆಮೇಲೆ ಬಂತು, ಚೌಕಾಸಿ ಮೊದಲೇ ಬರುತ್ತಿತ್ತು.

ನವೆಂಬರ್ 21ರಂದು ಕೇಂದ್ರ ಸರ್ಕಾರ ಇಪ್ಪತ್ತೊಂಬತ್ತು ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ತಂದಿತ್ತು. ಅದರಲ್ಲಿ ಸಣ್ಣ ಮಾಲೀಕರನ್ನು ಮೊದಲು ಮುಟ್ಟಿದ್ದು ನೇಮಕಾತಿ ಪತ್ರ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಪ್ರತಿಯೊಬ್ಬರಿಗೂ ಪತ್ರ ಕೊಡಲೇಬೇಕು. ಈಗಾಗಲೇ ಕೆಲಸದಲ್ಲಿದ್ದು ಪತ್ರ ಸಿಗದವರಿಗೆ ಮೂರು ತಿಂಗಳೊಳಗೆ ಕೊಡಬೇಕು. ನನ್ನ ಫೋನು ಬಿಡುವಿಲ್ಲದೆ ಬಡಿದುಕೊಳ್ಳಲು ಶುರುವಾಯಿತು. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಮಾದರಿ ಪತ್ರ ಸಿದ್ಧ ಮಾಡಿ, ತಲೆಗಿಷ್ಟು ಅಂತ ರೇಟು ಕಟ್ಟಿ, ವಾಟ್ಸಾಪಿನಲ್ಲಿ ಕಳಿಸಿಬಿಟ್ಟೆ. ವ್ಯಾಪಾರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಲಗ್ಗೆರೆಯ ನಂಜೇಗೌಡರು ನನ್ನ ಹಳೆಯ ಕ್ಲೈಂಟು. ಊರು ಬಡಾವಣೆಯಾದಾಗ ಉಳಿದ ಹೊಲದಲ್ಲಿ ಶೆಡ್ ಕಟ್ಟಿ, ಆಸ್ಪತ್ರೆಗಳಿಗೆ ಸಮವಸ್ತ್ರ ಹೊಲಿಸಿ ಕೊಡುತ್ತಾರೆ. ಮೂವತ್ತನಾಲ್ಕು ಜನ ಕೆಲಸಗಾರರು, ಅದರಲ್ಲಿ ಇಪ್ಪತ್ತೊಂಬತ್ತು ಹೆಂಗಸರು. ಯಾರು ಯಾವಾಗ ಸೇರಿದ್ದು ಅಂತ ಕೇಳಿದೆ. ಪಿಎಫ್ ಶುರುವಾದದ್ದೇ 2021ರಲ್ಲಿ. ಅದಕ್ಕೂ ಹಿಂದಿನ ಹಾಜರಿ ಪುಸ್ತಕಗಳು ಶೆಡ್ಡಿಗೆ ನೀರು ನುಗ್ಗಿದ ವರ್ಷ ಮುದ್ದೆಯಾಗಿ ಹೋಗಿದ್ದವು. ಗೌಡರು ಹಳೇದೆಲ್ಲ ಕೆದಕೋದು ಬೇಡ, ಹೊಸ ಕಾನೂನಿಗೆ ಹೊಸ ತಾರೀಖೇ ಇರಲಿ ಅಂದರು. ನನಗೂ ಅದೇ ಸಲೀಸು ಅನಿಸಿತು. ದಾಖಲೆ ಇಲ್ಲದ ಕಡೆ ಯಾವ ತಾರೀಖು ಬರೆದರೂ ನಾಳೆ ತಕರಾರು. ಎಲ್ಲರಿಗೂ ಒಂದೇ ತಾರೀಖು ಹಾಕಿದರೆ ಗೋಜಲಿಲ್ಲ. ಹಾಗಾಗಿ ‘ಕೆಲಸಕ್ಕೆ ಸೇರಿದ ದಿನಾಂಕ’ ಎಂಬ ಸಾಲಿನಲ್ಲಿ ಮೂವತ್ತನಾಲ್ಕು ಜನಕ್ಕೂ 21-11-2025 ಅಂತ ಹಾಕಿಸಿದೆ. ದಾಖಲೆ ಸರಿಯಿಲ್ಲದ ಉಳಿದ ಕ್ಲೈಂಟುಗಳಿಗೂ ಇದೇ ಉಪಾಯ ಹೇಳಿಕೊಟ್ಟೆ.

ಸೋಮವಾರ ಬೆಳಿಗ್ಗೆ ಪತ್ರ ಹಂಚಲು ನಾನೇ ಹೋದೆ. ಮೊದಲ ಪ್ರತಿ ಸಾವಿತ್ರಮ್ಮನಿಗೆ. ಐವತ್ತಾರು ವರ್ಷದ ಹೆಂಗಸು, ಹೊಲಿದ ಬಟ್ಟೆಯಲ್ಲಿ ದೋಷ ಹುಡುಕುವ ಚೆಕಿಂಗ್ ಟೇಬಲ್ಲಿನ ಮುಖ್ಯಸ್ಥೆ. ಬಿಟ್ಟುಹೋದ ಹೊಲಿಗೆ ಹುಡುಕಿ ಪಳಗಿದ ಕಣ್ಣು ಪತ್ರದ ಮೇಲೂ ಹಾಗೇ ಓಡಿತು. ಪೆನ್ನು ತೆಗೆದುಕೊಳ್ಳಲಿಲ್ಲ.

“ಮೇಡಂ, ಇದ್ರಲ್ಲಿ ನಾನು ಹೋದ ತಿಂಗಳು ಸೇರಿದೀನಿ ಅಂತಿದೆ. ಹಾಗಾದ್ರೆ ಇಷ್ಟು ವರ್ಷ ಈ ಟೇಬಲ್ ಮುಂದೆ ನಿಂತಿದ್ದೋಳು ಯಾರು?”

ಬರೀ ಫಾರ್ಮಾಲಿಟಿ ಕಣಮ್ಮ, ಸೈನ್ ಹಾಕು ಅಂದರು ಗೌಡರು. ಆಕೆ ಪತ್ರವನ್ನು ನೀಟಾಗಿ ಮಡಚಿ ಟೇಬಲ್ಲಿನ ಮೇಲಿಟ್ಟರು. ಹಿಂದಿನ ಸಾಲಿನಲ್ಲಿದ್ದ ಮಂಜುಳಾ, ಇಪ್ಪತ್ತೆಂಟರ ಟೈಲರ್, ತನ್ನ ಪತ್ರ ಎತ್ತಿ ತೋರಿಸಿದಳು.

“ಆಂಟಿ, ನಂದೂ ಅದೇ ಡೇಟು. ನೀವು ನಾನು ಒಂದೇ ಬ್ಯಾಚು. ಇನ್ಮೇಲೆ ನಿಮ್ಮನ್ನ ಹೋಗೇ ಬಾರೇ ಅಂತೀನಿ ನೋಡಿ.”

ಶೆಡ್ಡೆಲ್ಲ ನಕ್ಕಿತು. ಆದರೆ ನಗು ನಿಂತ ಮೇಲೆ ಮೆಷಿನ್ನುಗಳೂ ಶುರುವಾಗಲಿಲ್ಲ. ಘೋಷಣೆ ಇಲ್ಲ, ಜಗಳ ಇಲ್ಲ. ಸುಮ್ಮನೆ ಕೈ ಕಟ್ಟಿ ಕೂತರು. ಮುಂದಿನ ವಾರ ಆಸ್ಪತ್ರೆಯೊಂದಕ್ಕೆ ದೊಡ್ಡ ಆರ್ಡರ್ ಹೋಗಬೇಕಿತ್ತು.

ಸಾವಿತ್ರಮ್ಮನ ಪಾಲಿಗೆ ಆ ತಾರೀಖು ಬರೀ ಒಂದು ಸಾಲಲ್ಲ ಅನ್ನುವುದು ಓದುವವರಿಗೆ ಗೊತ್ತಿರಬೇಕು. ಕಾಯಂ ಕೆಲಸಗಾರರು ಐದು ವರ್ಷ ಸತತವಾಗಿ ದುಡಿದಿದ್ದರೆ ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತದೆ, ಅಂದರೆ ಸೇವೆಯ ಒಂದೊಂದು ವರ್ಷಕ್ಕೂ ಇಷ್ಟು ಅಂತ ಲೆಕ್ಕ ಹಾಕಿ ಕೊಡುವ ಮೊತ್ತ. ಸಾವಿತ್ರಮ್ಮನಿಗೆ ನಿವೃತ್ತಿಗೆ ಉಳಿದಿದ್ದದ್ದು ಎರಡೇ ವರ್ಷ. ನನ್ನ ಪತ್ರಕ್ಕೆ ಸೈನ್ ಹಾಕಿದ್ದರೆ, ಎರಡೇ ವರ್ಷ ಕೆಲಸ ಮಾಡಿದವರು ಅಂತ ಸ್ವಂತ ಕೈಯಲ್ಲಿ ಒಪ್ಪಿಕೊಂಡು ಮನೆಗೆ ಹೋಗಬೇಕಾಗುತ್ತಿತ್ತು.

ಎರಡನೇ ದಿನ ನನ್ನ ಹಳೇ ವಿದ್ಯೆ ತೆಗೆದೆ. ಸಾವಿತ್ರಮ್ಮನನ್ನು ಪಕ್ಕಕ್ಕೆ ಕರೆದು, ನಿಮಗೊಬ್ಬರಿಗೆ ಬೇರೆ ಪತ್ರ ಮಾಡಿಸಿ ಕೊಡುತ್ತೇನೆ, ಉಳಿದವರನ್ನು ಒಪ್ಪಿಸಿ ಅಂದೆ. ಗುಂಪಿನ ಮುಂದಾಳನ್ನು ಬೇರ್ಪಡಿಸಿದರೆ ಅರ್ಧ ಮಾತುಕತೆ ಮುಗಿದ ಹಾಗೆ ಅಂತ ನಾನೇ ಎಷ್ಟೋ ಮಾಲೀಕರಿಗೆ ಹೇಳಿಕೊಟ್ಟಿದ್ದೆ. ಆಕೆ ಸಿಟ್ಟಾಗಲಿಲ್ಲ. ನನಗೊಬ್ಬಳಿಗೆ ಕೊಟ್ಟರೆ ನಾಳೆಯಿಂದ ಇವರ ಜೊತೆ ಕೂತು ಡಬ್ಬಿ ಹೇಗೆ ಬಿಚ್ಚಲಿ ಅಂತ ಕೇಳಿ, ವಾಪಸ್ ಹೋಗಿ ಕೂತರು.

ಗೌಡರ ಭಯವೂ ಸುಳ್ಳಲ್ಲ. ದಾಖಲೆ ಇಲ್ಲದೆ ಬಾಯಿಮಾತು ಒಪ್ಪಿದರೆ ಎಲ್ಲರೂ ಹತ್ತು ವರ್ಷ ಅಂತಾರೆ, ಇಲ್ಲ ಅನ್ನಲು ನನ್ನ ಹತ್ತಿರ ಏನಿದೆ ಅಂದರು. ಮೂರನೇ ದಿನ ಅವರ ಕ್ಯಾಬಿನ್ನಿಗೆ ಹೋಗುವ ಮೆಟ್ಟಿಲು ಹತ್ತುವಾಗ ಗೋಡೆಯತ್ತ ನೋಡಿದೆ. ಎಷ್ಟೋ ಸಲ ಹತ್ತಿದ ಮೆಟ್ಟಿಲು, ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಆಯುಧ ಪೂಜೆ ಅಂದರೆ ಗೊತ್ತಲ್ಲ. ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಪುರಿ ಹಂಚಿ, ಕೊನೆಗೆ ಎಲ್ಲರೂ ನಿಂತು ಒಂದು ಫೋಟೊ. ಗೌಡರ ತಾಯಿ ಇದ್ದಾಗ ಹಾಕಿಕೊಟ್ಟ ಪದ್ಧತಿಯಂತೆ, ಪ್ರತಿ ವರ್ಷದ ಫೋಟೊಗೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ್ದರು. ಒಂದು ಸ್ಲೇಟಿನ ಮೇಲೆ ಆ ವರ್ಷದ ಇಸವಿ ಬರೆದು ಮುಂದೆ ಇಟ್ಟುಕೊಂಡು ತೆಗೆಸಿದ್ದು. 2008ರಿಂದ ಹದಿನೇಳು ಫೋಟೊ. ಕೊರೊನಾ ವರ್ಷದ್ದು ಒಂದಿಲ್ಲ.

ಎಲ್ಲವನ್ನೂ ಇಳಿಸಿ ಕಟಿಂಗ್ ಟೇಬಲ್ಲಿನ ಮೇಲೆ ಸಾಲಾಗಿ ಇಡಿಸಿದೆ. ಕೆಲಸಗಾರರನ್ನೆಲ್ಲ ಕರೆದು, ನೀವು ಮೊದಲು ಯಾವ ಫೋಟೊದಲ್ಲಿದ್ದೀರಿ, ಹುಡುಕಿ ಅಂದೆ. ಇಡೀ ಮಧ್ಯಾಹ್ನ ಆ ಟೇಬಲ್ಲು ಜಾತ್ರೆ. ಇವಳ ಜಡೆ ನೋಡು, ಅವಳು ಎಷ್ಟು ಸಣ್ಣ ಇದ್ಲು ಅಂತ ಕಿಚಾಯಿಸುವುದೇ ಹೆಚ್ಚು. ತಕರಾರೂ ಬಂತು. ಒಬ್ಬಾಕೆ ತಾನು 2015ರಲ್ಲೂ ಇದ್ದೆ ಅಂದಳು, ಆ ಫೋಟೊದಲ್ಲಿ ಇರಲಿಲ್ಲ. ಅವಳಾಗ ಬಾಣಂತಿ, ರಜಾದಲ್ಲಿದ್ದಳು ಅಂತ ಇಬ್ಬರು ಸಾಕ್ಷಿ ಹೇಳಿದರು, ಬರೆದುಕೊಂಡೆ. ಇನ್ನೊಬ್ಬಳು ಎರಡು ವರ್ಷ ಹೆಚ್ಚು ಹೇಳಿದಾಗ ತಡೆದದ್ದು ಗೌಡರಲ್ಲ, ಪಕ್ಕದ ಮೆಷಿನ್ನಿನವಳೇ. “ಲೇ, ನಿನ್ನ ಇಲ್ಲಿಗೆ ಕರ್ಕೊಂಡು ಬಂದೋಳೇ ನಾನು ಕಣೇ” ಅಂದಳು, ಮುಗಿಯಿತು. ಗೌಡರ ಭಯಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಕೊಡಲು ನನ್ನಿಂದಲೂ ಆಗುತ್ತಿರಲಿಲ್ಲ.

ಉಳಿದದ್ದು ತಿಂಗಳ ಪ್ರಶ್ನೆ. ಪೂಜೆಯ ದಿನವೇ ಯಾರೂ ಸೇರಿರುವುದಿಲ್ಲ. ಹಿಂದಿನ ಪೂಜೆ ಮುಗಿದ ಮಾರನೇ ದಿನ ಅಂತ ಕೆಲಸಗಾರರು, ಈ ಪೂಜೆಯ ತಿಂಗಳು ಅಂತ ಗೌಡರು. ಇಲ್ಲಿ ಮಾತ್ರ ನನ್ನ ಚೌಕಾಸಿ ಕೆಲಸಕ್ಕೆ ಬಂತು. ಸೇರಿದ ಕಾಲದ ಬ್ಯಾಂಕ್ ಪಾಸ್‌ಬುಕ್ಕೋ, ಇಎಸ್‌ಐ ಕಾರ್ಡೋ ಇದ್ದವರಿಗೆ ಅದರ ತಾರೀಖು. ಏನೂ ಇಲ್ಲದವರಿಗೆ ಎರಡು ಪೂಜೆಗಳ ನಡುವಿನ ಏಪ್ರಿಲ್ ಒಂದು. ಎರಡೂ ಕಡೆಯವರು ಗೊಣಗಿಕೊಂಡೇ ಒಪ್ಪಿದರು. ಒಪ್ಪಂದ ನ್ಯಾಯವಾಗಿದೆ ಅಂತ ನನಗೆ ಗೊತ್ತಾಗುವುದೇ ಹಾಗೆ.

ನಾಲ್ಕನೇ ದಿನ ಗೌಡರು ಮತ್ತೆ ಹಿಂಜರಿದರು. ಸಾವಿತ್ರಮ್ಮನಂಥವರಿಗೆ ಹದಿನೇಳು ವರ್ಷ ಅಂತ ಬರೆದುಕೊಟ್ಟರೆ ಅಷ್ಟೂ ಗ್ರಾಚ್ಯುಟಿ ನನ್ನ ತಲೆ ಮೇಲೆ ಬರುತ್ತಲ್ಲ ಮೇಡಂ ಅಂದರು. ಮೊದಲ ದಿನವೇ ಹೇಳಬೇಕಾಗಿದ್ದ ಮಾತನ್ನು ಆಗ ಹೇಳಿದೆ.

“ಗೌಡ್ರೇ, ಅದು ಈ ಪತ್ರದಿಂದ ಬರೋದಲ್ಲ. ಅವರು ಬಂದು ದುಡಿದಾಗಲೇ ಬಂದಿದೆ. ಸುಳ್ಳು ತಾರೀಖು ಬರೆದ್ರೆ ಅದರ ಜೊತೆ ಕೇಸೂ ಬರುತ್ತೆ, ಅಷ್ಟೇ ವ್ಯತ್ಯಾಸ. ತಪ್ಪು ಉಪಾಯ ಕೊಟ್ಟೋಳು ನಾನು. ಈ ವರ್ಷದ ಫೀಸು ವಾಪಸ್ ಕೊಡ್ತೀನಿ.”

ಅವರು ಟೇಬಲ್ಲಿನ ಮೇಲಿದ್ದ 2008ರ ಫೋಟೊ ಕೈಗೆತ್ತಿಕೊಂಡರು. ಆರೇ ಮೆಷಿನ್ನು, ಒಂಬತ್ತೇ ಜನ. ನಡುವೆ ಅವರ ತಾಯಿ. ಆಕೆಯ ಕೈ ಪಕ್ಕದಲ್ಲಿ ನಿಂತ ಸಾವಿತ್ರಮ್ಮನ ಹೆಗಲ ಮೇಲಿತ್ತು. ಗೌಡರು ಹೆಬ್ಬೆರಳಿನಿಂದ ಗಾಜು ಒರೆಸಿ, “ಬರೀರಿ ಮೇಡಂ, 2008 ಅಂತಲೇ ಬರೀರಿ” ಅಂದರು.

ಸಾವಿತ್ರಮ್ಮ ಹೊಸ ಪತ್ರವನ್ನು ಮೊದಲ ಸಲದಷ್ಟೇ ನಿಧಾನವಾಗಿ ಓದಿದರು. “ಇನಿಷಿಯಲ್ ತಪ್ಪಿದೆ, ಅದನ್ನೂ ಸರಿ ಮಾಡಿಸಿ” ಅಂದರು. ಮಾಡಿಸಿ ತಂದ ಮೇಲೆ ಸೈನ್ ಹಾಕಿ, ಸೆರಗು ಸಿಕ್ಕಿಸಿಕೊಂಡು ಚೆಕಿಂಗ್ ಟೇಬಲ್ಲಿಗೆ ಹೋದರು. ಆರ್ಡರ್ ಎರಡು ದಿನ ತಡವಾಗಿ ಹೋಯಿತು.

ಮಾಲೀಕರೇ, ನಿಮಗೆ ನನ್ನ ಸಲಹೆ ಇಷ್ಟು. ಹೊಸ ಕಾನೂನು ಬಂದಾಕ್ಷಣ ಹಳೇ ಸೇವೆ ಅಳಿಸಿಹೋಗುವುದಿಲ್ಲ. ದಾಖಲೆ ಇಲ್ಲದಿದ್ದರೆ ಕೆಲಸಗಾರರನ್ನೇ ಕೂರಿಸಿಕೊಂಡು, ಎಲ್ಲರ ಎದುರಿಗೆ, ನಿಜವಾದ ತಾರೀಖು ಹುಡುಕಿ ಬರೆದು ಎರಡೂ ಕಡೆಯವರು ಸೈನ್ ಮಾಡಿ. ಜೊತೆಯಲ್ಲಿ ದುಡಿದವರ ಎದುರಿಗೆ ಸುಳ್ಳು ಹೇಳುವವರು ಕಡಿಮೆ.

ಕೆಲಸಕ್ಕೆ ಹೋಗುವ ತಾಯಂದಿರೇ, ಅಣ್ಣಂದಿರೇ, ನೇಮಕಾತಿ ಪತ್ರ ಕೈಗೆ ಬಂದರೆ ಮೊದಲು ನೋಡಬೇಕಾದ್ದು ಸಂಬಳವನ್ನಲ್ಲ, ಸೇರಿದ ತಾರೀಖನ್ನು. ಸಂಬಳ ತಪ್ಪಿದ್ದರೆ ತಿಂಗಳ ಕೊನೆಗೆ ಗೊತ್ತಾಗುತ್ತದೆ; ತಾರೀಖು ತಪ್ಪಿದ್ದರೆ ಗೊತ್ತಾಗುವುದು ಕೆಲಸ ಬಿಡುವ ದಿನ. ನಿಮಗೆ ಓದಲು ಬರುವ ಭಾಷೆಯಲ್ಲಿ ಕೇಳಿ ತೆಗೆದುಕೊಳ್ಳಿ, ಒಂದು ಪ್ರತಿ ಮನೆಯಲ್ಲಿಡಿ, ಫೋನಿನಲ್ಲೂ ಇರಲಿ. ಬೇಗ ಸೈನ್ ಹಾಕಿ ಅಂತ ಯಾರಾದರೂ ಅವಸರ ಮಾಡಿದರೆ ಇನ್ನೊಂದು ಸಲ ಓದಿ. ಅವಸರ ಮಾಡುತ್ತಿರುವುದು ನನ್ನಂಥ ಕನ್ಸಲ್ಟೆಂಟ್ ಆಗಿದ್ದರೆ, ಮೂರನೇ ಸಲವೂ ಓದಿ.