ಬೋರ್ಡಕ್ಕ ಹೇಳಿದ ದರ

ಸಗಟು ಮಾರುಕಟ್ಟೆಯಲ್ಲಿ ಅವಳನ್ನು ಎಲ್ಲರೂ ಬೋರ್ಡಕ್ಕ ಅಂತಲೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಸ್ಟೂಲು ಹತ್ತಿ, ಅವತ್ತಿನ ಆಲೂಗಡ್ಡೆ ದರವನ್ನು ಕರಿಹಲಗೆಯ ಮೇಲೆ ಬರೆದವಳು ಅವಳು. ದರ ಏರಿದರೆ ಕೊಳ್ಳುವವರು ಅವಳ ಮೇಲೆ ಹರಿಹಾಯುತ್ತಿದ್ದರು, ಇಳಿದರೆ ಬೆಳೆದವರು.

"ನಾನೇನು ಮನಸ್ಸಿಗೆ ಬಂದದ್ದು ಬರೀತೀನಾ? ಗೇಟ್ ಹತ್ರ ಹೋಗಿ ಲಾರಿ ನೋಡಿ. ಮಾಲು ಕಮ್ಮಿ ಇದ್ದು ಕೇಳೋರು ಜಾಸ್ತಿ ಇದ್ರೆ ಏರುತ್ತೆ. ಮಾಲು ಬಂದು ಸುರಿದ್ರೆ ಇಳಿಯುತ್ತೆ. ಇಷ್ಟೇ ಸ್ವಾಮಿ!"

ಆ ವರ್ಷ ಗಡ್ಡೆ ಕೀಳುವ ಹೊತ್ತಿಗೆ ಅವಳ ಅಣ್ಣ ಬಂದ. ಮೂರು ಎಕರೆಯ ಬೆಳೆ ಅವನದು. "ಈಗಲೇ ಮಾರಿಬಿಡ್ಲಾ, ಇಟ್ಕೊಳ್ಲಾ? ನೀನು ಹೇಳಿದ ಹಾಗೆ."

ದರ ತಕ್ಕಮಟ್ಟಿಗೆ ಚೆನ್ನಾಗಿಯೇ ಇತ್ತು. ಆದರೆ ನದಿಯಾಚೆಯ ಹೊಲಗಳಲ್ಲಿ ರೋಗ ಬಿದ್ದು ಅರ್ಧಕ್ಕರ್ಧ ಬೆಳೆ ಕೊಳೆತ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. "ಇಟ್ಕೋ ಅಣ್ಣ. ಎರಡು ತಿಂಗಳಲ್ಲಿ ಮಾಲಿಗೆ ಬಾಯಿ ಬಾಯಿ ಬಿಡ್ತಾರೆ."

ಅಣ್ಣ ಅಷ್ಟೂ ಮೂಟೆಗಳನ್ನು ಮಾರುಕಟ್ಟೆ ಎದುರಿನ ಕೋಲ್ಡ್ ಸ್ಟೋರೇಜಿಗೆ ಹಾಕಿದ. ಬೋರ್ಡಕ್ಕ ಅಲ್ಲಿಗೆ ಸುಮ್ಮನಿರಬಹುದಿತ್ತು. ಕೇಳಿದವರಿಗೆಲ್ಲ, ಚಹಾ ಅಂಗಡಿಯಲ್ಲಿ, ತೂಕದ ಕಟ್ಟೆಯ ಮೇಲೆ, ಅವಳು ಅದನ್ನೇ ಹೇಳಿದಳು. ಹತ್ತು ಜನ ತಲೆದೂಗಿ ಕೇಳುವುದು ಅವಳಿಗೆ ಹಿತವಾಗಿತ್ತು.

ಅವಳೆಂದಂತೆ ದರ ಏರಿತು. ದುಪ್ಪಟ್ಟಾಗುವ ಹಂತಕ್ಕೆ ಬಂದಾಗ ಅಣ್ಣ ಫೋನ್ ಮಾಡಿದ. "ತೆಗೆದುಬಿಡ್ಲೇನೇ?"

"ಇನ್ನೊಂದು ವಾರ ತಡಿ."

ಆ ವಾರದಲ್ಲೇ ಹೋಟೆಲಿನವರು ಆಲೂಗಡ್ಡೆ ಬಿಟ್ಟು ಕುಂಬಳಕಾಯಿಗೆ ತಿರುಗಿದರು. ಕೊಳ್ಳುವವರು ಕಮ್ಮಿಯಾದದ್ದು ಕಂಡು, ಕೂಡಿಟ್ಟವರಿಗೆ ಒಬ್ಬರನ್ನು ನೋಡಿ ಒಬ್ಬರಿಗೆ ದಿಗಿಲು. ಒಂದು ಬೆಳಿಗ್ಗೆ ಅವಳು ಸ್ಟೂಲು ಹತ್ತಿ ತಿರುಗಿ ನೋಡಿದರೆ, ರಸ್ತೆಯ ತಿರುವಿನವರೆಗೂ ಲಾರಿಗಳು. ಒಬ್ಬೊಬ್ಬರ ಮುಖವೂ ಅವಳಿಗೆ ಗೊತ್ತಿತ್ತು. ಎಲ್ಲರೂ ಅವಳ ಮಾತು ಕೇಳಿದವರೇ. ಅವತ್ತು ಅವಳು ಬರೆದ ದರ, ಗಡ್ಡೆ ಕಿತ್ತ ದಿನದ ದರಕ್ಕಿಂತಲೂ ಕೆಳಗಿತ್ತು. ಆ ಸಾಲಿನಲ್ಲಿ ಅಣ್ಣನೂ ಇದ್ದ.

"ನೀನೇನು ಸುಳ್ಳು ಹೇಳಿಲ್ಲ ಬಿಡೇ," ಎಂದು ಅವನು ನಕ್ಕ. "ನಿಜಾನೇ ಹೇಳ್ದೆ. ಎಲ್ಲರಿಗೂ ಹೇಳ್ದೆ, ಅಷ್ಟೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇಷ್ಟು ವರ್ಷ ಲಾರಿಗಳನ್ನು ನೋಡಿಕೊಂಡೇ ಬಂದವಳಿಗೆ, ತನ್ನ ಮಾತೇ ಲಾರಿಗಳನ್ನು ನಿಲ್ಲಿಸಬಲ್ಲದು, ಒಟ್ಟಿಗೆ ಹೊರಡಿಸಬಲ್ಲದು ಎಂದು ಹೊಳೆದಿರಲಿಲ್ಲ.

ಮರುವರ್ಷ ಅಣ್ಣ ಹೊಲವನ್ನು ಗುತ್ತಿಗೆಗೆ ಕೊಟ್ಟು, ಅದೇ ಕೋಲ್ಡ್ ಸ್ಟೋರೇಜಿನಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ಸೇರಿದ. ಬೋರ್ಡಕ್ಕ ಈಗ ದರ ಬರೆದು ಇಳಿಯುತ್ತಾಳೆ. ಯಾರು ಏನು ಕೇಳಿದರೂ, "ನಂಗೊತ್ತಿಲ್ಲ," ಅನ್ನುತ್ತಾಳೆ.

ಮಧ್ಯಾಹ್ನ ಡಬ್ಬಿ ಹಿಡಿದು ರಸ್ತೆ ದಾಟಿ ಹೋಗುತ್ತಾಳೆ. ಅಣ್ಣ ಎರಡೆರಡು ಸ್ವೆಟರು ಹಾಕಿಕೊಂಡು, ಅಂಗೈ ಉಜ್ಜುತ್ತಾ ಬಿಸಿಲಿಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಾನೆ. ಇಬ್ಬರೂ ಉಣ್ಣುತ್ತಾ ಅತ್ತಿಗೆಯ ಮಂಡಿನೋವಿನ ಮಾತು ಆಡುತ್ತಾರೆ. ಒಂದು ದಿನ ಅವಳು ಧೈರ್ಯ ಮಾಡಿ ಶುರುಮಾಡಿದಳು, "ಅಣ್ಣ, ಅವತ್ತು ನೀನು ಫೋನ್ ಮಾಡಿದಾಗ ನಾನು..."

"ಊಟ ಆರಿಹೋಗುತ್ತೆ, ತಿನ್ನು," ಅಂದ ಅಣ್ಣ.