ಗಾಜಿನೊಳಗಿನ ಹಿಡಿತ

ಅಳತೆಗೆ ಸಿಗದ ಸಂಗತಿಯೇ ಇಲ್ಲವೆಂದು ನಂಬಿಕೊಂಡಿದ್ದವನು ನಾನು. ಯಾರಾದರೂ ದೆವ್ವ, ಶಕುನ ಎಂದು ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ನಂಬುತ್ತೇನೆಂದಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕುಮಟಾದಲ್ಲಿ ನನ್ನದೊಂದು ಸಣ್ಣ ಪರೀಕ್ಷಾಲಯವಿದೆ. ಭಾರಿ ಶಕ್ತಿಯ ಲೇಸರ್ ಯಂತ್ರಗಳಿಗೆ ಕಿಟಕಿಯಂತೆ ಕೂರಿಸುವ ಗಾಜಿನ ಬಿಲ್ಲೆಗಳು ಅಲ್ಲಿಗೆ ಬರುತ್ತವೆ. ಗಾಜಿನೊಳಗೆ ಒತ್ತಡ ಉಳಿದಿದ್ದರೆ ಕಿರಣ ಕೆಡುತ್ತದೆ, ಬಿಲ್ಲೆ ಒಡೆಯಲೂಬಹುದು. ಅಳೆಯುವ ಯಂತ್ರದಲ್ಲಿ, ಬೆಳಕು ಸೋಸುವ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಇಟ್ಟು ದೀಪ ಹಾಕಿದರೆ ಪರದೆಯ ಮೇಲೆ ಒತ್ತಡವಿದ್ದ ಕಡೆ ಮಾತ್ರ ಬೆಳ್ಳಗೆ ಕಾಣುತ್ತದೆ, ಉಳಿದದ್ದೆಲ್ಲ ಕಪ್ಪು. ಬರಿಗೈಯಲ್ಲಿ ಹಿಡಿದರೂ ಸಾಕು, ಬೆರಳಿನ ಬಿಸಿಗೆ ಮಚ್ಚೆ ಮೂಡುತ್ತದೆ. ಗಾಜು ತಣಿದಂತೆ ಅಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ನನ್ನ ಜೊತೆ ಕೆಲಸ ಮಾಡುವ ನಾಗವೇಣಿಗೆ ಹೊನ್ನಾವರದಿಂದ ಫೋನ್ ಬಂತು. ಮೀನಿಗೆ ಹೋಗಿದ್ದ ಅವಳ ಅಣ್ಣನ ದೋಣಿ, ನದಿ ಕಡಲು ಸೇರುವ ಅಳಿವೆಯ ಹತ್ತಿರ ಮಗುಚಿತ್ತು. ಜೊತೆಯವರು ಈಜಿ ದಡ ಸೇರಿದ್ದರು.

“ಅಣ್ಣ ಒಬ್ನೇ ಸಿಗ್ಲಿಲ್ವಂತೆ ಸರ್. ಎಂತ ಮಾಡೂದು?”

“ನೀನು ಮೊದ್ಲು ಹೊರಡು” ಎಂದು ಅವಳನ್ನು ಆಟೋ ಹತ್ತಿಸಿ ಒಳಗೆ ಬಂದೆ.

ಅವಳು ಅಳೆಯುತ್ತಿದ್ದ ಬಿಲ್ಲೆ ಯಂತ್ರದಲ್ಲೇ ಇತ್ತು. ಪರದೆಯ ಮೇಲೆ ನಾಲ್ಕು ಬಿಳಿ ಮಚ್ಚೆ, ಯಾರೋ ಅಂಚನ್ನು ಬಿಗಿಯಾಗಿ ಹಿಡಿದ ಹಾಗೆ. ಗಾಬರಿಯಲ್ಲಿ ಕೈಗವಸು ತೆಗೆದು ಮುಟ್ಟಿರಬೇಕು ಎಂದುಕೊಂಡೆ. ಚಹಾ ಕುಡಿದು ಬಂದೆ. ಮಚ್ಚೆಗಳು ಹಾಗೇ ಇದ್ದವು. ಬಿಲ್ಲೆಯನ್ನು ತಿರುಗಿಸಿದೆ, ಅವೂ ತಿರುಗಿದವು. ಅಂದರೆ ದೋಷ ಯಂತ್ರದ್ದಲ್ಲ. ಎಸಿ ಹಾಕಿದ ಕೋಣೆಯಲ್ಲಿ ಗಾಜು ಅಷ್ಟು ಹೊತ್ತು ಬಿಸಿಯಾಗಿರಲು ಸಾಧ್ಯವೇ ಇಲ್ಲ. ಅದನ್ನು ಎತ್ತಿಟ್ಟು ಬೇರೆ ಕೆಲಸ ಮಾಡಬಹುದಿತ್ತು. ಯಾಕೋ ಕೈ ಬರಲಿಲ್ಲ.

ಸಂಜೆ ನಾಗವೇಣಿಯ ಫೋನ್ ಬಂತು.

“ಸಿಕ್ದ ಸರ್, ಅಣ್ಣ ಜೀವಂತ ಸಿಕ್ದ! ಮಗುಚಿದ್ ದೋಣಿ ಅಂಚು ಹಿಡ್ಕಂಡೇ ಇದ್ನಂತೆ. ಬೋಟ್ನವ್ರು ಎಳ್ದ್ರೂ ಬಿಡ್ಲಿಲ್ವಂತೆ. ಬೆರಳು ಒಂದೊಂದೇ ಬಿಡಿಸ್ಬೇಕಾಯ್ತಂತೆ.”

“ಆತು, ಆತು” ಎಂದಷ್ಟೇ ನನ್ನ ಬಾಯಿಂದ ಹೊರಟಿತು. ತಿರುಗಿ ನೋಡಿದರೆ, ಯಂತ್ರದ ದೀಪ ಉರಿಯುತ್ತಲೇ ಇತ್ತು. ಪರದೆ ಪೂರ್ತಿ ಕಪ್ಪಾಗಿತ್ತು, ಒಂದು ಮಚ್ಚೆಯೂ ಇರಲಿಲ್ಲ.

ನಾಗವೇಣಿ ಕೆಲಸಕ್ಕೆ ಮರಳಿದ ಮೇಲೆ, ಅಂದು ಬರಿಗೈಯಲ್ಲಿ ಮುಟ್ಟಿದ್ದೆಯಾ ಎಂದು ಕೇಳಿದೆ.

“ಇಲ್ಲ ಸರ್. ಕೈಗವಸು ಮನೆಗೆ ಹೋದ್ಮೇಲೇ ತೆಗ್ದದ್ದು.”

ಮತ್ತೆ ಅಳೆದಾಗ ಬಿಲ್ಲೆಯಲ್ಲಿ ಯಾವ ದೋಷವೂ ಇರಲಿಲ್ಲ. ಉಳಿದವುಗಳ ಜೊತೆ ಅದನ್ನೂ ಕಳಿಸಿಬಿಟ್ಟೆ. ಗಾಜು ತಣಿಯುವ ಲೆಕ್ಕವನ್ನು ಈಗಲೂ ಒಮ್ಮೊಮ್ಮೆ ಹಾಕಿ ನೋಡುತ್ತೇನೆ. ಲೆಕ್ಕ ಸರಿಯಾಗಿಯೇ ಬರುತ್ತದೆ. ನಾನು ಕಂಡದ್ದು ಮಾತ್ರ ಅದರಲ್ಲಿ ಕೂರುವುದಿಲ್ಲ.