ರಟ್ಟಿನ ಹಿಂದಿನ ಮಾತು

ಕಿವಿ ಪರೀಕ್ಷೆ ಮಾಡುವವಳಿಗೆ ಊರೂರು ಸುತ್ತುವುದೇ ಕೆಲಸ. ಕಿವಿಯಂತ್ರದ ಕಂಪನಿಯವರು ಎಲ್ಲಿ ಪುಕ್ಕಟೆ ಕ್ಯಾಂಪ್ ಹಾಕುತ್ತಾರೋ ಅಲ್ಲಿಗೆ ಯಂತ್ರಗಳ ಪೆಟ್ಟಿಗೆ ಹೊತ್ತು ಹೋಗಬೇಕು. ದಿನವಿಡೀ ಕೂಗಿ ಕೂಗಿ ಅಭ್ಯಾಸವಾಗಿ, ಮನೆಯಲ್ಲಿ ಉಪ್ಪು ಕೊಡಿ ಅಂದರೂ ಜಗಳಕ್ಕೆ ಬಂದಂತಿರುತ್ತದೆ ಎಂದು ಗಂಡ ರೇಗಿಸುತ್ತಿದ್ದ. ಈ ಸಲದ ಊರನ್ನು ಮಾತ್ರ ಅವಳೇ ಹಟ ಮಾಡಿ ಕೇಳಿ ಪಡೆದಿದ್ದಳು. ತಾಯಿ ಸತ್ತ ಮೇಲೆ ಸೋದರತ್ತೆ ಅವಳನ್ನು ಸಾಕಿದ್ದು ಇಲ್ಲೇ. ಅಪ್ಪ ಎರಡನೇ ಮದುವೆಯಾಗಿ ಮಗಳನ್ನು ಕರೆದೊಯ್ಯಲು ಬಂದ ದಿನ ಅಕ್ಕ ತಮ್ಮನ ನಡುವೆ ಮಾತಿಗೆ ಮಾತು ಬೆಳೆದು, ಒಬ್ಬರ ಮುಖ ಒಬ್ಬರು ನೋಡುವುದೇ ನಿಂತುಹೋಗಿತ್ತು. ಈಗ ಅಪ್ಪ ತೀರಿಕೊಂಡು ವರ್ಷವಾಯಿತು. ಅತ್ತೆಗೆ ಯಾರೂ ಹೇಳಿಕಳಿಸಿರಲಿಲ್ಲ. ಎದುರು ಕೂತು ತಾನೇ ಹೇಳಬೇಕೆಂದು ಅವಳು ಬಂದಿದ್ದಳು.

ಬೆಳಿಗ್ಗೆ ಕೆಲಸ ಶುರುವಾಗುವ ಮೊದಲೇ ಹಳೆಯ ಬೀದಿಗೆ ಹೋದಳು. ಚಿಕ್ಕಂದಿನಲ್ಲಿ ಎಷ್ಟು ಓಡಿದರೂ ಮುಗಿಯದಿದ್ದ ಬೀದಿ ಈಗ ಮೊಳದುದ್ದ. ಅತ್ತೆಯ ಮನೆಗೆ ಬೀಗ. ಕೆಳಗಿನ ಅಂಗಡಿಯ ಟೈಲರ್ ಹೊಲಿಗೆ ನಿಲ್ಲಿಸದೆ, ಅವರು ಕಿವಿ ತೋರಿಸೋಕೆ ಹೋಗಿದ್ದಾರೆ ಎಂದ. ಕೇಳಿಸದವರ ಹತ್ತಿರ ಎಷ್ಟು ಅಂತ ಕಿರುಚುವುದು, ಈಗೀಗ ಯಾರೂ ಮಾತಾಡಿಸುವುದಿಲ್ಲ ಎಂದೂ ಸೇರಿಸಿದ. ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಇಷ್ಟು ವರ್ಷ ತಾನೇನು ಮಾತಾಡಿಸಿದ್ದೆ?

ಕ್ಯಾಂಪಿಗೆ ಬಂದರೆ ಸಾಲಿನಲ್ಲಿ ಅತ್ತೆಯೇ ಮೊದಲು. ಕಂಡೊಡನೆ ಗುರುತು ಹಿಡಿದು, ಎರಡೂ ಕೆನ್ನೆ ಸವರಿ, ಮೂಗು ಥೇಟ್ ಅಪ್ಪನದೇ ಎಂದಳು. ಆಮೇಲೆ ಮಾತೋ ಮಾತು: ಮಂಡಿನೋವು, ಮೆಟ್ಟಿಲು, ನೀರು ಸೋರುವ ನಲ್ಲಿ. ಇವಳು ಏನಾದರೂ ಹೇಳಿದರೆ ಮಾತ್ರ ಕಣ್ಣು ಕಿರಿದು ಮಾಡಿ ತುಟಿಯನ್ನೇ ನೋಡುತ್ತಿದ್ದಳು.

ಇದ್ದುದರಲ್ಲಿ ಜೋರಾದ ಯಂತ್ರವನ್ನೇ ಅವಳು ಅತ್ತೆಯ ಕಿವಿಗೆ ಹಾಕಿದಳು. ತುಟಿ ನೋಡಿ ಊಹಿಸಬಾರದೆಂದು ಬಾಯಿಗೆ ರಟ್ಟಿನ ತುಂಡು ಅಡ್ಡ ಹಿಡಿದು ಮಾತಾಡುವುದು ಈ ಕೆಲಸದ ರೂಢಿ. ರಟ್ಟಿನ ಹಿಂದಿನಿಂದ "ಚಮಚ" ಎಂದಳು. ಅತ್ತೆ "ಕೇಳುತ್ತೆ" ಎಂದು ತಲೆಯಾಡಿಸಿದಳು. "ಕಿಟಕಿ" ಎಂದರೂ ಅದೇ ಉತ್ತರ. ಕೊನೆಗೆ ಇವಳು ಏನೂ ಹೇಳದೆ ಸುಮ್ಮನೆ ಕೂತಳು. ಎಲ್ಲಿ ಯಂತ್ರ ಕಿತ್ತುಕೊಳ್ಳುತ್ತಾರೋ ಎಂಬ ಭಯದಲ್ಲಿ ಅತ್ತೆ ಅದಕ್ಕೂ ನಕ್ಕು, "ಈಗ ಇನ್ನೂ ಚೆನ್ನಾಗಿ ಕೇಳುತ್ತೆ" ಎಂದಳು.

ಆಮೇಲೆ ಮುಂದಕ್ಕೆ ಬಾಗಿ, ಗುಟ್ಟಿನಲ್ಲಿ ಕೇಳುತ್ತಿದ್ದೇನೆಂದುಕೊಂಡು, ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವಂತೆ ವಿಚಾರಿಸಿದಳು. "ನಿಮ್ಮಪ್ಪ ಹೇಗಿದಾನೆ? ಇನ್ನೂ ಕೋಪಾನಾ?"

ರಟ್ಟು ಇಳಿಸಿ ನಿಧಾನವಾಗಿ ಹೇಳಿದ್ದರೆ ಅತ್ತೆ ತುಟಿ ನೋಡಿಯಾದರೂ ತಿಳಿಯುತ್ತಿದ್ದಳು. ಕೈ ಇಳಿಯಲಿಲ್ಲ. ರಟ್ಟಿನ ಹಿಂದೆಯೇ ಹೇಳಿದಳು, "ಅಪ್ಪ ತೀರಿಕೊಂಡ್ರು ಅತ್ತೆ. ಕೊನೇಲಿ ಅಕ್ಕನ್ನ ಕರೆಸಿ ಅಂತಾನೇ ಇದ್ರು. ನಾವು ಕರೆಸ್ಲಿಲ್ಲ."

ಅತ್ತೆಯ ಮುಖ ಅರಳಿತು. "ಕೇಳುತ್ತೆ ಪುಟ್ಟಿ, ಎಲ್ಲಾ ಕೇಳುತ್ತೆ. ಮುಂದಿನ ಸಲ ಅವನನ್ನೂ ಕರ್ಕೊಂಡು ಬಾ. ಬೈದ್ರೆ ಬೈಲಿ, ಅದೂ ಈಗ ಕೇಳುತ್ತಲ್ಲ."

ಯಂತ್ರದಿಂದ ಪ್ರಯೋಜನವಿಲ್ಲದಿದ್ದರೆ ಬಿಚ್ಚಿಟ್ಟುಕೊಳ್ಳುವುದು ನಿಯಮ. ಅವಳು ಬಿಚ್ಚಲಿಲ್ಲ. ಬ್ಯಾಟರಿ ಬದಲಾಯಿಸುವುದು ಹೇಗೆಂದು ಕೈಯಲ್ಲಿ ಕೈ ಹಿಡಿದು ತೋರಿಸಿದಳು. ಅತ್ತೆ ಇನ್ನೊಮ್ಮೆ ತೋರಿಸು ಎಂದಳು, ತಮ್ಮ ಬಂದ ದಿನವೇ ಯಂತ್ರ ನಿಂತುಹೋದರೆ ಏನು ಮಾಡುವುದು ಎಂದು. ಅವಳು ಇನ್ನೊಮ್ಮೆ ತೋರಿಸಿದಳು.